ಸೈಕಲ್ ತುಳಿದ ಮಗು

ಗುಂಡಿಯ ಅಂಚಿನಲ್ಲಿ ಕುಳಿತ ವಸಂತ ಮಗುವನ್ನು ಕೊಡಲೊಲ್ಲ. ಅವನ ತಾಯಿ ರಾಜೀವಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಅವನು ದುಬೈಯಿಂದ ಬಂದಿಳಿದು ಮೂರು ಗಂಟೆಯೂ ಆಗಿರಲಿಲ್ಲ. ಒಂಬತ್ತೇ ದಿನ ಬದುಕಿದ ಮಗನನ್ನು ಎತ್ತಿಕೊಂಡದ್ದು ಅದೇ ಮೊದಲು.

"ಬಿಡು ಮಾರಾಯ, ಬಿಸಿಲು ಏರ್ತಾ ಉಂಟು," ಎಂದರು ಗುಂಡಿ ತೋಡಿದ ನೆರೆಮನೆಯ ವೆಂಕಪ್ಪ. "ವಿಡಿಯೋದಲ್ಲಿ ನಾವೂ ನೋಡಿದ್ದೇವಲ್ಲ, ಎಂಥ ಚುರುಕು ಮಗು. ಹುಟ್ಟಿದ ಮರುದಿನವೇ ಸೈಕಲ್ ತುಳಿದವ."

ಆ ಗುಂಡಿಗೆ ತಾನೇ ಇಳಿದುಬಿಡುವ ಅನ್ನಿಸಿತು ರಾಜೀವಿಗೆ.

*

ವಿಡಿಯೋ ತೆಗೆದದ್ದು ಅವರೇ. ಆಸ್ಪತ್ರೆಯಲ್ಲಿ ಸೊಸೆ ನವ್ಯಾಳಿಗೆ ಆಗಷ್ಟೇ ಕಣ್ಣು ಹತ್ತಿತ್ತು. ಮಗು ಪೆಡಲ್ ತುಳಿದಂತೆ ಕಾಲಾಡಿಸಿತು, ತುಟಿ ಚಪ್ಪರಿಸಿತು. ಮೊದಲ ಮೊಮ್ಮಗ ಬೇರೆ, ಅಜ್ಜಿಯ ಸಂಭ್ರಮ ಕೇಳಬೇಕೇ. ವಿಡಿಯೋ ಮಗನಿಗೂ ಹೋಯಿತು, ಮೆಲ್ಕಾರಿನ ಚಿಕ್ಕಮ್ಮನವರೆಗೆ ಎಲ್ಲರಿಗೂ ಹೋಯಿತು.

ಅದೇ ಸಂಜೆ ಮಗು ಸೆಟೆದು ನೀಲಿಗಟ್ಟಿತು. ಐಸಿಯುವಿನಲ್ಲಿ ಡಾಕ್ಟರು ಕೇಳಿದರು, "ಮೊದಲು ಹೀಗೇನಾದ್ರೂ ಆಗಿತ್ತಾ?"

"ಇಲ್ಲ ಡಾಕ್ಟ್ರೇ, ಬೆಳಿಗ್ಗೆ ಚಂದ ಆಡ್ತಾ ಇತ್ತು," ಎಂದು ರಾಜೀವಿ ಮೊಬೈಲನ್ನೇ ತೋರಿಸಿದರು.

ಡಾಕ್ಟರು ಎರಡು ಸಲ ನೋಡಿದರು. "ಇದು ಆಟ ಅಲ್ಲಮ್ಮ. ಇದೂ ಫಿಟ್ಸೇ. ಇಷ್ಟು ಸಣ್ಣ ಮಕ್ಕಳಿಗೆ ಹೀಗೇ ಬರ್ತದೆ."

ಹೆರಿಗೆಯ ಹೊತ್ತಿಗೇ ಮಿದುಳಿಗೆ ಪೆಟ್ಟಾಗಿದೆ, ನಿಮ್ಮ ತಪ್ಪಲ್ಲ ಎಂದೂ ಹೇಳಿದರು. ಅದು ರಾಜೀವಿಯ ಕಿವಿಗೆ ಇಳಿಯಲಿಲ್ಲ. ಮೊದಲ ಮದ್ದಿಗೆ ಫಿಟ್ಸು ನಿಲ್ಲಲಿಲ್ಲ, ಎರಡನೆಯದಕ್ಕೂ ಇಲ್ಲ. ಮೂರನೆಯದನ್ನು ಡ್ರಿಪ್ಪಿನಲ್ಲಿ ಹಗಲಿರುಳು ಬಿಟ್ಟರು. ಕೈಕಾಲು ಸುಮ್ಮನಾದವು, ತಲೆಗೆ ವಯರು ಅಂಟಿಸಿದ ಯಂತ್ರದಲ್ಲಿ ಮಾತ್ರ ಫಿಟ್ಸಿನ ಗೆರೆ ಕುಣಿಯುತ್ತಲೇ ಇತ್ತು.

*

ಮಿಂದು ಬಂದ ವಸಂತ ಜಗಲಿಯಲ್ಲಿ ಅಮ್ಮನ ಪಕ್ಕ ಕುಳಿತು ಮೊಬೈಲ್ ತೆರೆದ.

"ಅಮ್ಮ, ಈ ಒಂದು ದಿನವಾದ್ರೂ ಅವ ಖುಷಿಯಲ್ಲಿದ್ದ, ಅಲ್ವಾ?"

ಹೇಳಿದರೆ, ಅವನಿಗೆ ಉಳಿದಿರುವ ಇಷ್ಟು ಮಗುವನ್ನೂ ತಾನೇ ಕಿತ್ತುಕೊಂಡಂತೆ. ಹೇಳದಿದ್ದರೆ, ಬದುಕಿರುವಷ್ಟು ದಿನ ಅವನ ಪಕ್ಕ ಕುಳಿತು ಇದನ್ನು ನೋಡಬೇಕು. ಬಾಗಿಲಲ್ಲಿ ನವ್ಯಾ ನಿಂತಿದ್ದಳು. ಡಾಕ್ಟರ ಮಾತನ್ನು ಅವಳೂ ಕೇಳಿದ್ದಳು. ಅತ್ತೆ ಏನು ಹೇಳುತ್ತಾರೆಂದು ಕಾಯುತ್ತಿದ್ದಳು.

"ಹೌದು ಮಗ," ಎಂದರು ರಾಜೀವಿ. "ಆಡ್ತಾ ಇದ್ದ."

ನವ್ಯಾ ಒಳಗೆ ಹೋದಳು. ವಸಂತನ ಮುಖ ಬೆಳಗಿನಿಂದ ಮೊದಲ ಸಲ ಸಡಿಲಿತು. ಅಮ್ಮನಿಗೂ ಕಾಣಲೆಂದು ಮೊಬೈಲನ್ನು ಹತ್ತಿರ ಹಿಡಿದು ದನಿ ಏರಿಸಿದ. ಪುಟ್ಟ ಕಾಲುಗಳು ತುಳಿಯುತ್ತಿದ್ದವು, ರಾಜೀವಿಯದೇ ದನಿ ನಗುತ್ತಾ ಹುರಿದುಂಬಿಸುತ್ತಿತ್ತು: "ತುಳಿ ಮಗ, ಜೋರಾಗಿ ತುಳಿ, ಅಪ್ಪ ಇರುವಲ್ಲಿಗೆ ಹೋಗುವ."