ಹಡಗು ಹತ್ತದವನ ಕಡಲುಗಳ್ಳರು

ನಮ್ಮ ಯಜಮಾನರಾದ ಗುಂಡಪ್ಪನವರಿಗೆ ಒಂದು ಕೆಟ್ಟ ಚಾಳಿ: ಯಾರೇ ಮಾತಾಡಲಿ, ತಪ್ಪು ತಿದ್ದದೆ ಬಿಡುವವರಲ್ಲ. ಭೂಗೋಳ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು, ಕೇಳಬೇಕೆ? ಮೊಮ್ಮಗಳು ಶ್ರೀಯಾ ಕನ್ನಡದಲ್ಲಿ ಒಂದು ಮಾತಾಡಿದರೆ ಇವರದು ಎರಡು ತಿದ್ದುಪಡಿ. ಕೊನೆಗೆ ಮಗು ಕನ್ನಡವನ್ನೇ ಬಿಟ್ಟಿತು. ಇನ್ನು ಈ ಮನೆಯಲ್ಲಿ ಕನ್ನಡವೆಂದರೆ ಮುದುಕ ಮುದುಕಿಯ ಜಗಳ ಮಾತ್ರ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ಆಗ ಕೈ ಹಿಡಿದವನು ಇಟಲಿಯ ಒಬ್ಬ ಕಾದಂಬರಿಕಾರ. ಹಳೆಯ ಕಾಲದವನು, ನಮ್ಮ ಸಿಂಗಪುರದ ಸುತ್ತಲಿನ ಕಡಲುಗಳ್ಳರ ಕಥೆ ಬರೆದು ಹೆಸರು ಮಾಡಿದವನು. ಇವರು ಇಂಗ್ಲಿಷಿನಲ್ಲಿ ಓದಿಕೊಂಡು, ಭಾನುವಾರ ಸಂಜೆ ನಮ್ಮ ಬಡಾವಣೆ ಸೆಂಗ್‌ಕಾಂಗಿನ ಎಲ್‌ಆರ್‌ಟಿ ರೈಲಿನಲ್ಲಿ ಶ್ರೀಯಾಳಿಗೆ ಕನ್ನಡದಲ್ಲಿ ಹೇಳುತ್ತಿದ್ದರು. ಆ ಪುಟ್ಟ ರೈಲು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ. ಒಳಗೆ ತಿಂದರೆ ಫೈನ್, ಹಾಗಾಗಿ ಜೊತೆಗೆ ಹೋಗುವ ನಾನು ತಂದ ಕೋಡುಬಳೆ ಇಳಿದ ಮೇಲೆ. ಮಗು ಮತ್ತೆ ಕನ್ನಡದಲ್ಲಿ ಪ್ರಶ್ನೆ ಕೇಳತೊಡಗಿತ್ತು.

ಹೋದ ಭಾನುವಾರ ಶ್ರೀಯಾ ಮುಖ ಊದಿಸಿಕೊಂಡು ರೈಲು ಹತ್ತಿದಳು.

"ತಾತ, ನಾನು ಚೆಕ್ ಮಾಡ್ದೆ. ಅವ್ನು ಈ ಕಡೆ ಬಂದೇ ಇಲ್ಲ. ಎಲ್ಲಾ ಬ್ಲಫ್ ಲಾ. ನಂಗೆ ಇನ್ಮೇಲೆ ಸ್ಟೋರಿ ಬೇಡ."

ಮಗುವಿನ ಕನ್ನಡ ಮತ್ತೆ ನಿಂತಿತು ಎಂದುಕೊಂಡೆ.

"ಬಂದಿಲ್ಲ, ನಿಜ ಪುಟ್ಟಿ," ಎಂದರು ಇವರು. "ಈ ಕಡೆ ಬರೋ ಹಡಗೇ ಹತ್ತಿಲ್ಲ, ಪಾಪ. ಮನೆ ತುಂಬ ಮಕ್ಕಳು, ಸಂಸಾರ. ಲೈಬ್ರರಿಲಿ ಮ್ಯಾಪ್ ನೋಡ್ಕೊಂಡು ಬರೀತಿದ್ದ. ಬೇರೆ ಬೇರೆ ದೇಶದ ಗಿಡ, ಪ್ರಾಣಿ ಎಲ್ಲಾ ಮಿಕ್ಸ್ ಮಾಡಿದಾನೆ. ಆದ್ರೆ ಅವ್ನನ್ನ ಓದಿ ಎಷ್ಟೋ ಹುಡುಗ್ರು ನಿಜವಾಗ್ಲೂ ಹಡಗು ಹತ್ತಿದ್ರಂತೆ."

"ತಪ್ಪು ಅಂತ ಗೊತ್ತಿದ್ರೂ ನೀವು ಕರೆಕ್ಟ್ ಮಾಡ್ಲಿಲ್ವಾ?"

"ಮಾಡಿದ್ರೆ ಕಥೆ ನಿಂತ್ಹೋಗುತ್ತಲ್ಲಮ್ಮ."

ಇದನ್ನು ಇವರ ಬಾಯಲ್ಲಿ ಕೇಳಲು ನಾನು ಇಷ್ಟು ವರ್ಷ ಬದುಕಿರಬೇಕಾಯಿತು.

ಶ್ರೀಯಾ ತಾತನ ಕಡೆ ತಿರುಗಿ, "ಹಂಗಾದ್ರೆ ನಾನು ಹೇಳ್ತೀನಿ. ಕೊಳ್ಳೇಗಾಲದಲ್ಲಿ ಒಂದು ದೊಡ್ಡ ಸಮುದ್ರ ಇತ್ತು. ಅದರ ಪಕ್ಕದಲ್ಲೇ ತಾತನ ಮನೆ," ಎಂದಳು.

ಕೊಳ್ಳೇಗಾಲ ಇವರ ಹುಟ್ಟೂರು, ಅವಳು ಕಂಡಿಲ್ಲ. ಅಲ್ಲಿಂದ ಸಮುದ್ರ ನೋಡಬೇಕಾದರೆ ದಿನವಿಡೀ ಬಸ್ಸಿನಲ್ಲಿ ಕೂರಬೇಕು. ಮೇಷ್ಟ್ರು ಬಾಯಿ ತೆರೆದರು. ನಾನು ಚಿವುಟಲು ಕೈ ಚಾಚಿದೆ.

"ಆ ಸಮುದ್ರದಲ್ಲಿ ನಮ್ಮಪ್ಪಂದು ಹಡಗು ಇತ್ತಾ?" ಎಂದರು.

"ಇತ್ತು. ಅವ್ರೇ ಕ್ಯಾಪ್ಟನ್. ಅಲ್ವಾ ಅಜ್ಜಿ?"

ನಮ್ಮ ಮಾವನವರು ಮೊಣಕಾಲುದ್ದ ಹೊಳೆಗಿಳಿಯಲೂ ಹೆದರುತ್ತಿದ್ದವರು.

"ಹೌದು ಕಣೇ," ಎಂದೆ. "ಮೀಸೆ ತಿರುವ್ಕೊಂಡು ಹಡಗಿನ ಮುಂದೇನೇ ನಿಂತಿರ್ತಿದ್ರು."