ನಾಲ್ಕನೆಯ ದೇಶ

ಸೋಯಾ ಹಾಲು ಇನ್ನೇನು ಉಕ್ಕಬೇಕು ಅನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ಪನಾಯ್ ಸೌಟನ್ನು ಬಿಡದೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಕಣ್ಣು ಮಾತ್ರ ಗೋಡೆಯ ಮೇಲಿನ ಟೀವಿಯಲ್ಲೇ ಇತ್ತು. ಅಮೆರಿಕದ ಯಾವುದೋ ಊರಿನಲ್ಲಿ ನಿನ್ನೆಯ ಸಂಜೆ ಇನ್ನೂ ಮುಗಿದಿರಲಿಲ್ಲ. ದೀಪಗಳ ಬೆಳಕಿನಲ್ಲಿ ಎತ್ತರದ ಆಳೊಬ್ಬ ಚೆಂಡನ್ನು ಬೆರಳುಗಳಲ್ಲಿ ಹೊರಳಿಸುತ್ತ ನಿಂತಿದ್ದ.

"ಅಮ್ಮಾ, ಕೂತಿದೀಯಾ, ನಿಂತಿದೀಯಾ?" ಮಗ ಲೆಕಲ್.

"ಬೆಳಗಿನ ಹೊತ್ತು ನಾನು ಯಾವತ್ತೋ ಕೂತಿದ್ದು? ಏನು ಹೇಳು."

"ಇವತ್ತು ಸಂಜೆ ನಾನೇ ಕ್ಯಾಚರ್. ದೊಡ್ಡ ತಂಡದಲ್ಲಿ. ಶುರುವಿಂದಾನೇ."

ಸೌಟು ನಿಂತಿತು. ಕಾಡುಹಂದಿ ಬೇಸ್‌ಬಾಲ್ ತಂಡದ ಎರಡನೆಯ ದರ್ಜೆಯಲ್ಲಿ ಲೆಕಲ್ ಮೂರು ವರ್ಷದಿಂದ, ಬ್ಯಾಟಿನವನ ಹಿಂದೆ ಕೂತು ಚೆಂಡು ಹಿಡಿಯುತ್ತ, ಮಂಡಿ ಸವೆಸುತ್ತಿದ್ದ. ಈ ಮಾತಿಗಾಗಿ ಅವಳು ಕಾದಿದ್ದಳು. ಇದು ಬಾರದೆ ಇದ್ದರೇ ವಾಸಿ ಅಂತಲೂ ಎಷ್ಟೋ ಸಲ ಅಂದುಕೊಂಡಿದ್ದಳು.

"ಇನ್ನೊಂದಿದೆ ಅಮ್ಮ. ಅಂಗಿಗೆ ಯಾವ ನಂಬರ್ ಬೇಕು ಅಂದ್ರು. ಇಪ್ಪತ್ತೇಳು ಕೊಡಿ ಅಂದೆ."

ಹಾಲು ಉಕ್ಕಿತು. ಒಲೆಯ ಮೇಲೆ ಬಿದ್ದದ್ದು ಚುರ್ರೆಂದು ಸುಟ್ಟು ಕಂದು ಪೊರೆಯಾಯಿತು.

"ತಲೆ ಕೆಟ್ಟಿದೆಯೇನೋ ನಿಂಗೆ? ಬಿಚ್ಚಿ ಬಿಸಾಕು ಅದನ್ನ. ಲೋಕದಲ್ಲಿ ಬೇರೆ ನಂಬರೇ ಇರಲಿಲ್ವಾ?"

"ಅಂಗಿ ಕೊಡೋ ತಾತನೂ ಇದನ್ನೇ ಹೇಳಿದ. ಆ ನಂಬರನ್ನ ಯಾರೂ ಮುಟ್ಟಲ್ಲ ಮಗಾ ಅಂದ. ಯಾರೂ ಮುಟ್ಟಲ್ಲ ಅಂದ್ಮೇಲೆ ಖಾಲಿ ಇದೆ ತಾನೆ, ಕೊಡಿ ಅಂದೆ."

"ಲೆಕಲ್!"

"ನಮ್ಮನ್ನ ಗಂಡಸರ ಸಾಲಿಗೆ ಸೇರಿಸ್ಕೊಂಡ ಹಬ್ಬದ ದಿನ ನನ್ನ ವಾರಿಗೆಯೋರೆಲ್ಲ ಅವರವರ ಸೋದರಮಾವನ ಕೈ ಹಿಡ್ಕೊಂಡು ಕುಣಿತದ ಬಯಲಿಗೆ ಬಂದ್ರು. ನಾನೊಬ್ಬನೇ ಬರಿಗೈಲಿ ನಡ್ಕೊಂಡು ಬಂದೆ. ಜ್ಞಾಪಕ ಇದೆಯಲ್ಲ ನಿಂಗೆ? ಇವತ್ತು ಬರಿಬೆನ್ನಲ್ಲಿ ಹೋಗಲ್ಲ ಅಮ್ಮ. ನೀನು ನೋಡೋದು ಬಿಡೋದು ನಿನ್ನಿಷ್ಟ."

ಫೋನು ಸುಮ್ಮನಾಯಿತು. ಅಂಗಡಿಯ ಬೆಂಚಿನಲ್ಲಿದ್ದ, ಮೀನಿನ ಲಾರಿ ಓಡಿಸುವ ಆಶುಯಿ ಬಟ್ಟಲನ್ನು ಮೂಗಿನ ಬಳಿ ಹಿಡಿದು ಮುಖ ಸಿಂಡರಿಸಿದ.

"ಅಕ್ಕ, ಹಾಲು ಸೀದಿದೆ. ಅಮೆರಿಕದೋರು ಸೋತ್ರಾ ಏನು ಕತೆ?"

"ಎರಡೂ ಕಡೆ ಅಮೆರಿಕದೋರೇ ಇರೋದು. ಯಾರು ಸೋತ್ರೆ ನಿಂಗೇನು? ಕುಡಿ."

ಗುಡ್ಡಕ್ಕೂ ಸಮುದ್ರಕ್ಕೂ ನಡುವಿನ ಆ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಪನಾಯಳ ಅಂಗಡಿಯ ನೇಮ ಗೊತ್ತಿತ್ತು. ಬೆಳಗ್ಗೆ ಅಮೆರಿಕ. ಊಟದ ಹೊತ್ತಿಗೆ ಜಪಾನು. ಬಿಸಿಲು ಗುಡ್ಡದ ಹಿಂದೆ ಸರಿದ ಮೇಲೆ ಕೊರಿಯಾ. ಆಮೇಲೆ, ಸ್ವಂತ ದೇಶದ ಆಟ ಶುರುವಾಗುವ ಹೊತ್ತಿಗೆ ಸರಿಯಾಗಿ, ಅವಳು ಟೀವಿ ಆರಿಸುತ್ತಿದ್ದಳು. ಆ ಟಕ್ ಸದ್ದಿಗೆ ಕೂತವರು ತಾವಾಗಿಯೇ ಏಳುತ್ತಿದ್ದರು; ಅವಳು ನಾಳೆಗೆ ಸೋಯಾ ಕಾಳು ನೆನೆಹಾಕಲು ಒಳಗೆ ಹೋಗುತ್ತಿದ್ದಳು. ದಾರಿಹೋಕರು ಯಾರಾದರೂ ನಮ್ಮ ದೇಶದ್ದು ಹಾಕಿ ಎಂದು ಕೇಳಿದರೆ, ಮೂಲೆಯ ಬೆಂಚಿನಲ್ಲಿ ಅಡಿಕೆಗೆ ಸುಣ್ಣ ಸವರುತ್ತ ಕೂತಿರುವ ನಾಕಾವ್ ಅಜ್ಜಿಯೇ ಉತ್ತರ ಕೊಡುತ್ತಿದ್ದಳು: "ಈ ಅಂಗಡೀಲಿ ಬೇಸ್‌ಬಾಲ್ ಆಡೋದು ಮೂರೇ ದೇಶ ಕಣಪ್ಪ."

ನೇಮ ಹುಟ್ಟಿ ಇಪ್ಪತ್ತು ವರ್ಷವಾಗಿತ್ತು. ಅದಕ್ಕೆ ಮೊದಲು ಕಾಡುಹಂದಿ ತಂಡದ ಇಪ್ಪತ್ತೇಳನೆಯ ನಂಬರಿನ ಕ್ಯಾಚರ್ ಅವಳ ತಮ್ಮ ಕಚಾವ್ ಆಗಿದ್ದ. ಕೂರುವ ಮೊದಲು ಕೈಗವಸನ್ನು ನೆಲಕ್ಕೆ ಎರಡು ಸಲ ತಟ್ಟುವುದು ಅವನ ರೂಢಿ. ಆಗ ಪನಾಯ್ ಕ್ರೀಡಾಂಗಣಕ್ಕೇ ಹೋಗುತ್ತಿದ್ದಳು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಡೋಲು ಬಡಿಯುತ್ತಿದ್ದಳು. ಒಂದು ಸಂಜೆ, ಎದುರಾಳಿ ಮೂರನೆಯ ನೆಲೆಯಲ್ಲಿ ಓಡಲು ತುದಿಗಾಲಲ್ಲಿ ನಿಂತಿದ್ದಾಗ, ಚೆಂಡು ತಗ್ಗಾಗಿ ಬಂದು ಮಣ್ಣಿಗೆ ಬಡಿದು ಕಚಾವನ ಪಕ್ಕದಿಂದ ಹಿಂದಕ್ಕೆ ಹೋಯಿತು; ಎದುರಾಳಿ ಓಡಿಬಂದು ಅಂಕ ಗಳಿಸಿದ. ಜನ ಅಯ್ಯೋ ಎಂದರು. ಪನಾಯ್ ಅನ್ನಲಿಲ್ಲ. ಚೆಂಡು ಜಾರುವುದಕ್ಕೂ ಜಾರಲು ಬಿಡುವುದಕ್ಕೂ ಇರುವ ವ್ಯತ್ಯಾಸ ತೀರ ಸಣ್ಣದು, ಕಣ್ಣೆವೆ ಬಡಿಯುವಷ್ಟು. ತಮ್ಮನ ಕೈಗವಸು ಅಷ್ಟು ತಡವಾಗಿ ಬಿಚ್ಚಿಕೊಂಡದ್ದನ್ನು ಅವಳು ಕಂಡಿದ್ದಳು. ಜೂಜಿನವರಿಂದ ಹಣ ತಿಂದದ್ದು ಪೊಲೀಸರಿಗೆ ಗೊತ್ತಾದದ್ದು ಮರುವರ್ಷ. ಅವಳಿಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು, ಡೋಲಿನ ಕೋಲು ಎತ್ತಿದ ಕೈಯಲ್ಲೇ ಉಳಿದಿತ್ತು.

ಆಟದಿಂದ ಆಜೀವ ಹೊರಹಾಕಿಸಿಕೊಂಡ ಕಚಾವ್ ಊರಿಗೆ ಬಂದು ದೋಣಿ ಹಿಡಿದ. ಅಂಗಡಿಯ ಹಿತ್ತಿಲ ಮೆಟ್ಟಿಲ ಮೇಲೆ ಮೀನು ಇಟ್ಟು ಹೋಗುತ್ತಿದ್ದ. ಅದೇ ಮೆಟ್ಟಿಲ ಮೇಲೆ ಅವಳು ಅವನಿಗೆ ಊಟ ಇಡುತ್ತಿದ್ದಳು. ಹವಾಮಾನದ ಮಾತು ಆಡುತ್ತಿದ್ದರು. ಬೇಸ್‌ಬಾಲಿನ ಮಾತು ಒಂದೂ ಇಲ್ಲ. ಮುಂಬಾಗಿಲು ಅವನಿಗೆ ಇರಲಿಲ್ಲ. ಅವಳು ಬೇಡ ಅಂದಿರಲಿಲ್ಲ, ಅವನು ಕೇಳಿರಲಿಲ್ಲ.

ಮಧ್ಯಾಹ್ನ ಜಪಾನಿನ ಆಟ. ಪನಾಯ್‌ಗೆ ಜಪಾನು ಇಷ್ಟವಾಗುವುದೇ ಅದರ ಅಚ್ಚುಕಟ್ಟಿಗೆ: ತಮ್ಮ ಸರದಿ ಬಂದಾಗ ಮಾತ್ರ ಕಹಳೆ ಊದುವ ಜನ, ಎದುರಾಳಿಯ ಸರದಿಗೆ ಬಾಯಿ ಮುಚ್ಚಿಕೊಂಡು ಕೂರುವ ಜನ. ಈ ದಿನ ಅದೂ ಹಿಡಿಸಲಿಲ್ಲ. ಯಾರದೋ ಚೆಂಡು ಮಣ್ಣಿಗೆ ಬಡಿದು ಕ್ಯಾಚರ್‌ನ ಮಂಡಿಗೆ ತಾಗಿ ಓರೆಯಾಗಿ ಹಾರಿತು. ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದ ಅವಳ ಕತ್ತಿ ಮಣೆಗೆ ಕಚ್ಚಿಕೊಂಡಿತು.

"ನಿನ್ನ ಹುಡುಗ ಆಡ್ತಾನಂತೆ," ಅಂದಳು ನಾಕಾವ್ ಅಜ್ಜಿ, ಎಲೆಯನ್ನು ದವಡೆಗೆ ತಳ್ಳಿಕೊಂಡು. "ಊರಿಗೆಲ್ಲ ಗೊತ್ತು. ಸಂಜೆ ಹಾಕ್ತೀಯಾ?"

"ಹಾಕಲ್ಲ."

"ಎಲ್ರೂ ಫೋನಲ್ಲಿ ನೋಡ್ತಾರೆ. ನನ್ನ ಕಣ್ಣಿಗೆ ಪೊರೆ. ಫೋನಲ್ಲಿ ನೋಡಿದ್ರೆ ನಂಗೆ ಮನುಷ್ಯರೂ ಚೆಂಡಿನ ಥರಾನೇ ಕಾಣ್ತಾರೆ."

"ಹಾಗಿದ್ರೆ ಆಸ್ಪತ್ರೆಗೆ ಹೋಗಿ ಪೊರೆ ತೆಗೆಸ್ಕೋ."

"ನೀನು ಮೊದ್ಲು ನಿಂದು ತೆಗೆಸ್ಕೊಳ್ಳೇ," ಅಂದಳು ಅಜ್ಜಿ, ಡಬ್ಬಿಗೆ ಕೆಂಪಗೆ ಉಗಿದು.

ಕೊರಿಯಾದ ಆಟದಲ್ಲಿ ಜನರ ಹಾಡು ಶುರುವಾಗುವ ಹೊತ್ತಿಗೆ ಸಮುದ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಹಿತ್ತಿಲಲ್ಲಿ ಬಕೆಟ್ಟು ಇಟ್ಟ ಸದ್ದಾಯಿತು. ಸಾಮಾನ್ಯವಾಗಿ ಅದರ ಹಿಂದೆಯೇ ಹೆಜ್ಜೆ ದೂರವಾಗುವ ಸದ್ದು ಬರಬೇಕು. ಬರಲಿಲ್ಲ. ಪನಾಯ್ ಹೋಗಿ ನೋಡಿದಾಗ ಕಚಾವ್ ನಿಂತೇ ಇದ್ದ, ಬಕೆಟ್ಟಿನಲ್ಲಿ ಹಾರುಮೀನಿನ ರೆಕ್ಕೆಗಳು ಇನ್ನೂ ಮಿಡಿಯುತ್ತಿದ್ದವು.

"ಅಕ್ಕ, ಅವನಿಗೊಂದು ಫೋನ್ ಮಾಡ್ಕೊಡು. ನಾನು ಮಾಡಿದ್ರೆ ಎತ್ತುತ್ತಿಲ್ಲ."

"ಏನು ಹೇಳಕ್ಕೆ?"

"ಆ ಅಂಗಿ ಬಿಚ್ಚು ಅಂತ. ಇನ್ನೂ ಹೊತ್ತಿದೆ. ಜನ ಬಿಡಲ್ಲ ಅಕ್ಕ, ನಂಗೆ ಗೊತ್ತು ಅವರ ಬಾಯಿ. ನಂದು ನನ್ನ ಜೊತೆ ಮುಗೀಲಿ."

ಬೆಳಗ್ಗೆ ತಾನು ಆಡಿದ್ದೂ ಇದೇ ಮಾತು. ಅವಳಿಗೆ ಅದು ತಮ್ಮನ ಬಾಯಲ್ಲಿ ಬೇರೆಯಾಗಿ ಕೇಳಿಸಿತು. ಬಚ್ಚಿಟ್ಟುಕೊಳ್ಳುವ ಜಾಗ ಹುಡುಕುವವನ ದನಿಯಲ್ಲಿ ಕೇಳಿಸಿತು. ತನ್ನ ದನಿಯೂ ಮಗನ ಕಿವಿಗೆ ಹೀಗೇ ಕೇಳಿಸಿರಬೇಕು.

"ಅವತ್ತೂ ಹಿಂಗೇ ಅಂದ್ಕೊಂಡು ತಾನೆ ದೋಣಿ ಹತ್ತಿ ಹೋದೆ? ಕುಣಿತದ ದಿನ?"

ಕಚಾವ್ ಬಗ್ಗಿ ಬಕೆಟ್ಟನ್ನು ಗೋಡೆಯ ಕಡೆ ಸರಿಸಿದ.

"ಹುಡುಗನಿಗೆ ಒಳ್ಳೇದಾಗ್ಲಿ ಅಂತ. ಅಲ್ವಾ? ಊರೆಲ್ಲ ನೋಡ್ತಿತ್ತು ಕಣೋ. ಮಾವ ಇಲ್ದೆ ಇರೋ ಅನಾಥನ ಥರ ಒಬ್ಬನೇ ಆ ಬಯಲು ದಾಟಿ ಬಂದ. ಕತ್ತು ಬಗ್ಗಿಸಲಿಲ್ಲ."

"ನಾನು ಕೈ ಹಿಡಿದಿದ್ರೆ ನಗ್ತಿದ್ರು ಅಕ್ಕ."

"ನಗ್ಲಿ! ನಗೋದನ್ನ ಇಬ್ಬರು ಹಂಚ್ಕೊಂಡಿದ್ರೆ ಏನು ಗಂಟು ಹೋಗ್ತಿತ್ತು?" ಅವಳ ದನಿ ಏರಿತು. "ಅವನಿಗೆ ಕ್ಯಾಚರ್ ಕೂರೋದು ಯಾರು ಕಲಿಸಿದ್ದು ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ? ದಿನಾ ಮಂಡಿ ತುಂಬ ಕಡಲ ಮರಳು ಹೊತ್ಕೊಂಡು ಬರ್ತಿದ್ದ. ಶಾಲೆ ಮೈದಾನದಲ್ಲಿ ಎಲ್ಲಿದೆಯೋ ಮರಳು? ಹರಿದ ಚಡ್ಡಿ ಹೊಲಿದು ಹೊಲಿದು ಕೊಟ್ಟೆ, ಒಂದು ಮಾತು ಕೇಳಲಿಲ್ಲ. ನೀನು ಕಳ್ಳನ ಥರ ಕಲಿಸಿದೆ, ನಾನು ಕಳ್ಳಿ ಥರ ಸುಮ್ಮನಿದ್ದೆ. ಅವನೊಬ್ಬನೇ ಬೆನ್ನ ಮೇಲೆ ಬರೆಸ್ಕೊಂಡು ಹೊರಟಿದ್ದಾನೆ."

ಮೀನೊಂದು ಬಕೆಟ್ಟಿನಲ್ಲಿ ಬಡಿದುಕೊಂಡು ಸುಮ್ಮನಾಯಿತು.

"ಮುಂದಿನ ಬಾಗಿಲಿಂದ ಬಾ," ಅಂದಳು.

"ಅಂಗಡಿ ತುಂಬ ಜನ ಇದಾರೆ ಅಕ್ಕ."

"ಅದಕ್ಕೇ ಹೇಳಿದ್ದು."

ಅವನು ಮನೆ ಸುತ್ತಿ ಬರುವುದಕ್ಕೆ ತಗಲಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತಗಲಿತು. ಬರುವುದಿಲ್ಲವೇನೋ ಅಂದುಕೊಳ್ಳುವಾಗ ಹೊಸ್ತಿಲಲ್ಲಿ ಕಂಡ, ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದವನ ಹಾಗೆ. ಪನಾಯ್ ರಿಮೋಟು ಎತ್ತಿಕೊಂಡಳು. ಅದನ್ನು ಕಂಡದ್ದೇ ಆಶುಯಿ ಅಭ್ಯಾಸಬಲದಿಂದ ಎದ್ದು ಟೋಪಿ ತಲೆಗೇರಿಸಿದ. ಆದರೆ ಟಕ್ ಎನ್ನುವ ಸದ್ದು ಬರಲಿಲ್ಲ. ಕೊರಿಯಾ ಹೋಗಿ ಬೇರೆ ಹಸಿರು, ಬೇರೆ ಕೂಗು ಬಂದವು. ಕೆಳಗೆ ಎರಡು ತಂಡಗಳ ಹೆಸರು, ಅದರಲ್ಲೊಂದು ಕಾಡುಹಂದಿ. ಟೋಪಿಯ ಕೆಳಗೆ ಆಶುಯಿಯ ಬಾಯಿ ತೆರೆದೇ ಇತ್ತು. ಆಮೇಲೆ ಅವನ ಕಣ್ಣು ಹೊಸ್ತಿಲ ಕಡೆ ಹೋಯಿತು.

"ಅಕ್ಕ, ಆಟ ಬೇಕಾದ್ರೆ ಹಾಕ್ಕೋ. ಇವನ ಪಕ್ಕ ಕೂತು ನಾನು ನೋಡಲ್ಲ. ನಮ್ಮಪ್ಪ ದಿನಾ ಕಾಡುಹಂದಿ ಅಂಗೀನೇ ಹಾಕ್ತಿದ್ದ. ಇವನ ಸುದ್ದಿ ಬಂದ ದಿನ ಬಿಚ್ಚಿ ಒಲೆಗೆ ಹಾಕ್ದ. ಗೊತ್ತಾ ನಿಂಗೆ?"

"ಗೊತ್ತು. ನಿಮ್ಮಪ್ಪ ಮಾಡಿದ್ದು ಸರಿ. ಈಗ ಆಡ್ತಿರೋದು ಇವನಲ್ಲ, ನನ್ನ ಮಗ."

"ನಂಬರ್ ಇವಂದೇ."

"ಹೌದು, ಇವಂದೇ. ನಮ್ಮ ಮನೇದು. ನೋಡಕ್ಕಾಗದೆ ಇದ್ರೆ ಎದ್ದು ಹೋಗು. ನಾಳೆ ಬೆಳಗ್ಗೆ ಅಮೆರಿಕದ್ದು ಇರುತ್ತೆ, ಬಾ."

ಆಶುಯಿ ಹೊರಗೆ ಹೋಗಿ ಲಾರಿ ಚಾಲೂ ಮಾಡಿದ. ಪನಾಯ್ ಅವನ ಹಿಂದೆಯೇ ಹೋಗಿ, ಸಂಜೆಯ ಗಾಳಿಗೆ ಅರ್ಧ ಇಳಿಸಿದ್ದ ಕಬ್ಬಿಣದ ಬಾಗಿಲನ್ನು ಎರಡೂ ಕೈಯಿಂದ ಸೂರಿನವರೆಗೆ ತಳ್ಳಿದಳು. ತುಕ್ಕು ಹಿಡಿದ ಅದು ಬೀದಿಗೆಲ್ಲ ಕೇಳುವಂತೆ ಕಿರುಚಿತು. ಈಗ ರಸ್ತೆಯಲ್ಲಿ ನಿಂತರೆ ಟೀವಿಯೂ ಕಾಣುತ್ತಿತ್ತು, ಅದರ ಕೆಳಗೆ ಗಿಡ್ಡ ಸ್ಟೂಲಿನ ಮೇಲೆ ಕೂತ ಕಚಾವನೂ ಕಾಣುತ್ತಿದ್ದ.

ಎದೆಕವಚ ಕಟ್ಟಿಕೊಂಡು ಲೆಕಲ್ ಓಡಿಬಂದ. ಬ್ಯಾಟಿನವನ ಹಿಂದೆ ಕುಕ್ಕರಗಾಲಲ್ಲಿ ಕೂರುವ ಮೊದಲು ಬಗ್ಗಿ ಕೈಗವಸನ್ನು ನೆಲಕ್ಕೆ ಎರಡು ಸಲ ತಟ್ಟಿದ. ನಾಕಾವ್ ಅಜ್ಜಿ ಕಣ್ಣು ಕಿರಿದು ಮಾಡಿ, "ಲೇ, ಇದು ಹಳೇ ಆಟ ಹಾಕಿದೀಯಾ?" ಅಂದಳು. ಯಾರೂ ನಗಲಿಲ್ಲ. ಕ್ಯಾಮೆರಾ ಅವನ ಬೆನ್ನ ಮೇಲೆ ನಿಂತಿತು. ಎರಡು, ಏಳು. ಡೋಲುಗಳು ನಿಂತವು. ಮೊದಲು ಒಂದು ಮೂಲೆಯಿಂದ, ಆಮೇಲೆ ಆ ಬದಿಯಿಡೀ, ತಾಳ ಹಾಕಿ ಕೂಗು ಎದ್ದಿತು.

"ಎಷ್ಟು ಕೊಟ್ರು? ಎಷ್ಟು ಕೊಟ್ರು?"

ಸ್ಟೂಲು ಸರಿದ ಸದ್ದಾಯಿತು. ಕಚಾವ್ ಎದ್ದಿದ್ದ. ಪನಾಯ್ ಒಳಗಿನಿಂದ ಸೋಯಾ ಕಾಳಿನ ಅಗಲ ಪಾತ್ರೆಯನ್ನು ನೀರು ತುಳುಕಿಸುತ್ತ ತಂದು ಅವನ ಮುಂದಿಟ್ಟಳು.

"ಕೂತ್ಕೋ. ನಾಳೆಗೆ ಕಾಳು ತೊಳೀಬೇಕು. ಈ ಹೊತ್ತಿಗೆ ನಾನು ಒಳಗಿರ್ತಿದ್ದೆ, ಇವತ್ತು ಆಗಲ್ಲ."

"ಅಕ್ಕ, ಕೇಳು ಏನು ಕೂಗ್ತಿದಾರೆ…"

"ಸರಿಯಾಗಿ ಕೇಳ್ತಿಲ್ಲ," ಅಂದು ಅವಳು ರಿಮೋಟು ಎತ್ತಿ ಸದ್ದು ಹೆಚ್ಚಿಸಿದಳು. ಇನ್ನೂ ಹೆಚ್ಚಿಸಿದಳು. ಕೂಗು ಅಂಗಡಿ ತುಂಬಿ, ರಸ್ತೆ ದಾಟಿ, ಕಡಲ ಕಡೆ ಹೋಯಿತು. ಎದುರು ಮನೆಯವರು ಬಾಗಿಲಿಗೆ ಬಂದರು. ಪನಾಯ್ ಸೊಂಟಕ್ಕೆ ಕೈಯಿಟ್ಟು ಅವರನ್ನೂ ನೋಡಿದಳು, ಬನ್ನಿ, ನೋಡಿ ಎನ್ನುವ ಹಾಗೆ. ಕಚಾವ್ ಕುಸಿದು ಕೂತು ಕೈಗಳನ್ನು ನೀರಿಗೆ ಇಳಿಸಿದ.

ಆಟ ಸಾಗಿತು. ಲೆಕಲ್ ಸರದಿಗೆ ಬ್ಯಾಟು ಹಿಡಿದಾಗ ಅವನಿಗೆಂದು ಜನ ಕಟ್ಟಿದ ಹಾಡಿರಲಿಲ್ಲ, ಹೊಸಬರಿಗೆ ಇರುವುದಿಲ್ಲ. ಮೂರು ಚೆಂಡಿಗೆ ಔಟಾದ. ಕೂಗು ಮತ್ತೆ ಎದ್ದಿತು. ಅವನು ಹೆಲ್ಮೆಟ್ಟು ತೆಗೆದು, ಓಡದೆ, ಬೆನ್ನನ್ನು ಅವರಿಗೆ ಕೊಟ್ಟು ನಡೆದುಕೊಂಡೇ ಹೋದ.

ಆಮೇಲೆ ಎದುರಾಳಿ ಮೂರನೆಯ ನೆಲೆ ತಲುಪಿದ. ತುದಿಗಾಲಲ್ಲಿ ನಿಂತ. ಪನಾಯ್ ಆ ಚೆಂಡು ಹೊರಡುವ ಮೊದಲೇ ಅದನ್ನು ಕಂಡಳು. ಎಸೆಯುವವನ ಬೆರಳು ಚೆಂಡಿನ ಮೇಲೆ ಉಳಿಯಬೇಕಾದದ್ದಕ್ಕಿಂತ ಹೆಚ್ಚು ಉಳಿದಿತ್ತು. ಅದು ತಗ್ಗಾಯಿತು, ಇನ್ನೂ ತಗ್ಗಾಯಿತು, ಬ್ಯಾಟಿನವನ ಮುಂದೆ ಮಣ್ಣಿಗೆ ಬಡಿಯಿತು.

ಲೆಕಲ್ ಹಿಡಿಯಲು ಹೋಗಲಿಲ್ಲ. ಎರಡೂ ಮಂಡಿಯೂರಿ, ಗದ್ದ ಎದೆಗೊತ್ತಿ, ಇಡೀ ಮೈಯನ್ನು ಅಡ್ಡ ಹಾಕಿದ. ಕವಚಕ್ಕೆ ಬಡಿದ ಚೆಂಡು ಧೂಳಿನಲ್ಲಿ ಸತ್ತ ಹಕ್ಕಿಯಂತೆ ಅವನ ಮುಂದೆ ಬಿತ್ತು. ಓಡಹೊರಟವನು ಹಿಂದಕ್ಕೆ ಹಾರಿ ನೆಲೆಯನ್ನು ಮುಟ್ಟಿಕೊಂಡ.

"ಎಷ್ಟು ಕೊಟ್ರು" ಎಂದು ಯಾರೋ ಎತ್ತಿಕೊಂಡರು. ಜೊತೆಗೆ ಸೇರಿದವರು ಮೊದಲಿನಷ್ಟು ಇರಲಿಲ್ಲ. ಆದರೂ ಇದ್ದರು. ಲೆಕಲ್ ಎದ್ದು, ಎದೆಯ ಮಣ್ಣು ಕೊಡವದೆ, ಕೈಗವಸಿನಿಂದ ನೆಲ ಎರಡು ಸಲ ತಟ್ಟಿ ಮತ್ತೆ ಕೂತ.

ರಸ್ತೆಯಲ್ಲಿ ಇಷ್ಟು ಹೊತ್ತೂ ಗುರುಗುಡುತ್ತ ನಿಂತೇ ಇದ್ದ ಲಾರಿಯ ಎಂಜಿನ್ನು ಆರಿತು. ಬಾಗಿಲು ತೆರೆದ ಸದ್ದು ಬರಲಿಲ್ಲ.

ಪನಾಯ್ ತಿರುಗಿ ತಮ್ಮನನ್ನು ನೋಡಿದಳು. ಅವನ ಕಣ್ಣು ಟೀವಿಯಲ್ಲಿತ್ತು. ನೀರೊಳಗೆ, ಕೈಗವಸು ತೊಡುತ್ತಿದ್ದ ಅವನ ಎಡಗೈ ಪೂರ್ತಿ ಬಿಚ್ಚಿಕೊಂಡು ಮೇಲ್ಮುಖವಾಗಿ ನಿಂತಿತ್ತು. ಕಾಳುಗಳು ಒಂದೊಂದಾಗಿ ಅದರೊಳಗೆ ಇಳಿಯುತ್ತಿದ್ದವು.