ನಾನೇ ಓಡಿಸ್ತಿದ್ದೆ

ನಮ್ಮಕ್ಕ ಸಿಟಿ ಬಸ್ ಓಡಿಸ್ತಾಳೆ. ಹೌದು, ಅಷ್ಟುದ್ದದ ಬಸ್ಸು! ಆಳು ನೋಡಿದ್ರೆ ಇಷ್ಟೇ ಇಷ್ಟು, ಸ್ಟೇರಿಂಗ್ ಹಿಡಿದ್ರೆ ಮಾತ್ರ ರಸ್ತೆಗೆ ರಸ್ತೇನೇ ಅವಳ ಮಾತು ಕೇಳುತ್ತೆ. ಗಡಿ ದಾಟಿ ಪಕ್ಕದ ದೇಶಕ್ಕೆ ಹೋಗೋ ಹೊಸ ಬಸ್ಸಿಗೆ ಅವಳ ಡಿಪೋದಲ್ಲಿ ಡ್ರೈವರ್ ಆರಿಸ್ತಿದ್ರು. ಅಕ್ಕಂಗೆ ಅದು ಸಿಗೋದು ಹೆಚ್ಚೂಕಮ್ಮಿ ಗ್ಯಾರಂಟಿ ಆಗಿತ್ತು. ಒಂದೇ ಷರತ್ತು, ಆ ದೇಶದಲ್ಲಿ ಅವಳ ಮೇಲೆ ಯಾವ ಕೇಸೂ ಇರಬಾರ್ದು.

ಅಲ್ಲಿ ಗಾಡಿ ಓಡಿಸೋದು ನಮ್ಮದಕ್ಕೆ ಉಲ್ಟಾ ಬದಿ. ಅದಕ್ಕೇ ಅಕ್ಕ, "ಒಂದ್ಸಲ ಕಾರಲ್ಲಿ ಹೋಗಿ ರೂಟ್ ನೋಡ್ಕೊಂಡು ಬರ್ತೀನಿ" ಅಂದ್ಲು. ಸರಿ, ಮನೆಮಂದಿಯೆಲ್ಲಾ ಹೊರಟೇಬಿಟ್ವಿ. ಮುಂದೆ ಅಕ್ಕನ ಪಕ್ಕ ಭಾವ, ಹಿಂದೆ ಅಮ್ಮ ಮತ್ತೆ ನಾನು. ಭಾವ ಸ್ಕೂಲಲ್ಲಿ ಡ್ರಿಲ್ ಮೇಷ್ಟ್ರು. ತೆಂಗಿನಮರದ ಎತ್ತರ, ಮನೇಲಿ ಉಪ್ಪು ಕೇಳಿದ್ರೂ ಅಟೆನ್ಷನ್ ಅಂದ ಹಾಗೇ ಕೇಳೋದು. ಆದ್ರೆ ಅಕ್ಕ ಅಂದ್ರೆ ಪ್ರಾಣ. ಅದೇ ಮುಳುವಾಯ್ತು ನೋಡಿ.

ಗಡಿ ದಾಟಿ, ಮೊದಲನೇ ಊರಿನ ದೊಡ್ಡ ಸರ್ಕಲ್ಲು. ಅಕ್ಕ ನಿಂತು, ನೋಡಿ, ನಿಧಾನಕ್ಕೆ ಒಳಗೆ ತಗೊಂಡ್ಲು. ಪಕ್ಕದ ರಸ್ತೆಯಿಂದ ಒಂದು ಬ್ರೆಡ್ ವ್ಯಾನು ನಿಲ್ಲಿಸದೇನೇ ನುಗ್ಗಿ ಬಂದು ಧಡ್ ಅಂತ ನಮ್ಮ ಕಾರಿನ ಮೂತಿಗೆ ಗುದ್ದಿಬಿಡ್ತು. ಹೆಡ್‌ಲೈಟ್ ಪುಡಿಪುಡಿ, ಬಂಪರ್ ನೇತಾಡ್ತಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ವ್ಯಾನಿನವನು ಆಗಲೇ ಕೆಳಗಿಳಿದು ಎರಡೂ ಕೈ ಎತ್ತಿ ತಪ್ಪಾಯ್ತು ಅನ್ನೋ ಹಾಗೆ ನಮ್ಮ ಕಡೆ ಬರ್ತಿದ್ದ.

ಅಷ್ಟರಲ್ಲೇ ಭಾವ ಶುರು. "ಇಳಿ ಇಳಿ, ಬೇಗ ಈ ಕಡೆ ಬಾ!"

"ಯಾಕ್ರೀ? ಅವನು ತಾನೇ ಬಂದು..."

"ಪೊಲೀಸರು ನಿನ್ನ ಹೆಸರು ಬರ್ಕೊಂಡ್ರೆ ಬಸ್ಸು ಹೋಯ್ತು ಕಣೇ! ನಾನೇ ಓಡಿಸ್ತಿದ್ದೆ ಅಂತೀನಿ. ನನಗೇನು, ಮೇಷ್ಟ್ರ ಕೆಲಸಕ್ಕೆ ಇದೇನೂ ಅಡ್ಡ ಬರಲ್ಲ."

"ಅಳಿಯಂದ್ರು ಹೇಳೋದೇ ಸರಿ, ಇಳಿಯೇ," ಅಂದ್ರು ಅಮ್ಮ.

ಗುದ್ದಿದ ಏಟಿಗೆ ಅಕ್ಕನ ತಲೆ ಓಡ್ತಿರಲಿಲ್ಲ ಅನ್ಸುತ್ತೆ. ಇಳಿದು ಈಚೆ ಬಂದು ನಿಂತ್ಕೊಂಡ್ಲು.

ಬಂದವರು ಒಬ್ಬ ಪೊಲೀಸಮ್ಮ. ಗಡಿ ಊರಲ್ವಾ, ನಮ್ಮ ಮಾತು ಚೆನ್ನಾಗೇ ಬರ್ತಿತ್ತು. "ಯಾರು ಓಡಿಸ್ತಿದ್ದಿದ್ದು?"

"ನಾನೇ!" ಭಾವನ ಗಂಟಲಿಗೆ ಸರ್ಕಲ್ಲೇ ತಿರುಗಿ ನೋಡ್ತು.

ಆಯಮ್ಮ ರಸ್ತೆ ಮೇಲಿನ ಟೈರ್ ಗುರುತು ನೋಡಿದ್ರು, ವ್ಯಾನಿನವನನ್ನ ಏನೋ ಕೇಳಿದ್ರು, ಅವನು ತಲೆ ತಗ್ಗಿಸ್ದ. "ತಪ್ಪು ಅವನದೇ," ಅಂತ ಬರ್ಕೊಂಡ್ರು. ಅಷ್ಟೇ, ಮುಗೀತು! ನಾನು ಅಮ್ಮನ ಕೈ ಚಿವುಟಿ ನಕ್ಕೆ ಕೂಡ.

"ಸರಿ, ಟ್ರಾಫಿಕ್ ನಿಂತಿದೆ. ಗಾಡಿ ಸೈಡಿಗೆ ಹಾಕಿ."

ಭಾವ ಬಾಗಿಲು ತೆಗೆದು ಕೂರೋಕೆ ಹೋದ್ರು. ಕೂರೋದೆಲ್ಲಿಂದ ಬಂತು! ಅಕ್ಕ ಸೀಟನ್ನ ಸ್ಟೇರಿಂಗಿಗೆ ಅಂಟಿಸಿದ ಹಾಗೆ ಮುಂದೆ ಎಳ್ಕೊಂಡಿದ್ಲು, ಸಾಲದು ಅಂತ ಕೆಳಗೊಂದು ದಪ್ಪ ದಿಂಬು. ಭಾವನ ಒಂದು ಮಂಡಿ ಸ್ಟೇರಿಂಗ್ ಕೆಳಗೆ ಸಿಕ್ಕಾಕೊಳ್ತು, ತಲೆ ಮೇಲೆ ಬಡೀತು, ಇನ್ನೊಂದು ಕಾಲು ರಸ್ತೆ ಮೇಲೇ ಉಳೀತು.

ಪೊಲೀಸಮ್ಮನ ಪೆನ್ನು ನಿಂತ್ಹೋಯ್ತು. "ಗಡಿಯಿಂದ ಹೀಗೇ ಮಡಚ್ಕೊಂಡು ಬಂದ್ರಾ ಸ್ವಾಮೀ?"

ಸುತ್ತ ನಿಂತವರು ಕಿಸಕ್ಕಂತ ನಕ್ರು. ವ್ಯಾನಿನವನ ತಗ್ಗಿದ ತಲೆ ಮೆಲ್ಲಗೆ ಎದ್ದಿತು. ಅಲ್ಲೀವರೆಗೆ ಬಾಯಿ ಬಿಡದೇ ಇದ್ದವನು ಈಗ ನಮ್ಮ ಕಡೆ ಬೆರಳು ತೋರಿಸ್ಕೊಂಡು, ತಪ್ಪೆಲ್ಲಾ ನಮ್ಮದೇ ಅನ್ನೋ ಹಾಗೆ ಜೋರಾಗಿ ಶುರು ಹಚ್ಕೊಂಡ.

ಸ್ಟೇಷನ್ನಿನಲ್ಲಿ ಅಕ್ಕ ಎಲ್ಲಾ ಇದ್ದದ್ದು ಇದ್ದ ಹಾಗೇ ಹೇಳಿದ್ಲು. ಪೊಲೀಸಮ್ಮನಿಗೂ ಬೇಜಾರಾಯ್ತು, ಮುಖ ನೋಡಿದ್ರೆ ಗೊತ್ತಾಗ್ತಿತ್ತು. "ಮೊದಲೇ ನೀವು, 'ನಾನು ಓಡಿಸ್ತಿದ್ದೆ' ಅಂದಿದ್ರೆ, ನಿಮ್ಮ ಮೇಲೆ ಏನೂ ಇಲ್ಲದೆ ಇಷ್ಟೊತ್ತಿಗೆ ಮನೆ ಕಡೆ ಹೊರಟಿರ್ತಿದ್ರಿ. ಈಗ ಯಾರ ಮಾತು ನಂಬ್ಲಿ ನಾನು? ಸುಳ್ಳು ಹೇಳಿದ್ದಕ್ಕೆ ಅವರ ಮೇಲೆ ಕೇಸು, ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೆ ನಿಮ್ಮ ಮೇಲೆ."

ಆಚೆ ಮೆಟ್ಟಿಲ ಮೇಲೆ ಕೂತ್ವಿ. ಅಮ್ಮ ಸೆರಗಲ್ಲಿ ಮೂಗು ಒರೆಸ್ತಾ ಇದ್ರು. ಭಾವ, ಜನ್ಮದಲ್ಲಿ ಮೊದಲನೇ ಸಲ, ಮೆಲ್ಲಗೆ ಮಾತಾಡಿದ್ರು. "ನಿನ್ನ ಒಳ್ಳೇದಕ್ಕೇ ಮಾಡ್ದೆ ಕಣೇ."

"ವ್ಯಾನು ಬಂದಿದ್ದು ನೋಡಿದ್ರಾ ನೀವು?"

"ಇಲ್ಲ. ಫೋನ್ ನೋಡ್ತಿದ್ದೆ."

"ಮತ್ತೆ, ತಪ್ಪು ನಂದೇ ಅಂತ ಹೇಗೆ ಅನ್ನಿಸ್ತು?"

ಹಿಂದೆ ಕೂತು ನಾನಂತೂ ಕಣ್ಣಾರೆ ನೋಡಿದ್ದೆ, ಅಕ್ಕಂದೇನೂ ತಪ್ಪಿಲ್ಲ ಅಂತ. ಮೂರೂ ಹೊತ್ತು ವಟಗುಟ್ಟೋ ನನ್ನ ಬಾಯಿ, ಬೇಕಾದಾಗ್ಲೇ ಬೀಗ ಹಾಕ್ಕೊಂಡಿತ್ತು.

ಅಕ್ಕ ಫೋನ್ ತೆಗೆದು ಡಿಪೋ ಮ್ಯಾನೇಜರಿಗೆ ಮಾಡಿದ್ಲು. "ಸಾರ್, ಗಡಿ ಬಸ್ಸಿಂದ ನನ್ನ ಹೆಸರು ತೆಗೀರಿ. ಇಲ್ಲಿ ಕೇಸಾಗಿದೆ... ಇಲ್ಲ ಸಾರ್, ಆಕ್ಸಿಡೆಂಟ್ ನನ್ನ ತಪ್ಪಲ್ಲ. ಆಮೇಲೆ ಸುಮ್ಮನೆ ನಿಂತಿದ್ನಲ್ಲ, ಅದು ನನ್ನ ತಪ್ಪು."

"ಕೊಡಿಲ್ಲಿ, ಅವರ ಹತ್ರ ನಾನು ಮಾತಾಡ್ತೀನಿ," ಅಂತ ಭಾವ ಕೈ ಚಾಚಿದ್ರು.

ಅಕ್ಕ ಫೋನನ್ನ ಎದೆಗೆ ಒತ್ತಿಕೊಂಡು ಅವರ ಕಡೆ ತಿರುಗಿದ್ಲು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ, ಸುಸ್ತಿತ್ತು.

"ಬೇಡ ರೀ. ನನ್ನ ಮಾತು ನಾನೇ ಆಡ್ತೀನಿ."

ಎದ್ದು ರಸ್ತೆ ಪಕ್ಕಕ್ಕೆ ಹೋಗಿ ನಿಂತು, ನಮಗೆ ಬೆನ್ನು ಹಾಕಿ ಮಾತು ಮುಂದುವರಿಸಿದ್ಲು. ಭಾವನ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿತ್ತು. ಆಮೇಲೆ ಅದನ್ನ ಎಲ್ಲಿಡಬೇಕು ಅಂತ ಗೊತ್ತಾಗದೆ, ಮಂಡಿ ಮೇಲೆ ಇಟ್ಕೊಂಡ್ರು.